ಆರೈಕೆ ಮಾಡುತ್ತಿಲ್ಲವೆಂಬ ಕಾಗದ

ಸಂತೆಬಾಚಹಳ್ಳಿಯ ಹೇಮಶ್ರೀ ಕೆ.ಆರ್. ಪೇಟೆಯಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದಳು. ಅಪ್ಪ ಇಲ್ಲ. ಅವ್ವ ಪುಟ್ಟಲಕ್ಷ್ಮಮ್ಮನಿಗೆ ಲಕ್ವ ಹೊಡೆದು ಮೂರು ವರ್ಷ. ಹುಡುಗಿ ಬೆಳಗ್ಗೆ ಎದ್ದು ಅವ್ವನ ಮೈ ಒರೆಸಿ, ಬಟ್ಟೆ ಬದಲಿಸಿ, ಅಂಬಲಿ ಕುಡಿಸಿ ಏಳೂಕಾಲರ ಬಸ್ಸು ಹಿಡಿಯುವಳು. ವಾಪಸು ಬರುವತನಕ ಪಕ್ಕದ ಮನೆಯ ಬೈರಮ್ಮ ಕಾಯುವಳು. ಕಷ್ಟವಾ ಎಂದರೆ ಹೇಮಶ್ರೀ "ಏನೋ, ನಡೀತದೆ" ಎನ್ನುವಳು. ಅಳುವುದನ್ನು ಎಂದೋ ಬಿಟ್ಟಿದ್ದಳು.

ಮನೆಯೊಡತಿಯೆಂದು ಅವ್ವನಿಗೆ ಸರ್ಕಾರದಿಂದ ತಿಂಗಳಿಗೆ ಎರಡು ಸಾವಿರ ಬರುತ್ತಿತ್ತು. ಮಗಳಿಗೆ ವಿದ್ಯಾರ್ಥಿವೇತನವಿತ್ತು. ಆರೈಕೆ ಮಾಡುವವರಿಗೂ ಒಂದು ಸಾವಿರ ಭತ್ಯೆ ಉಂಟಂತೆ ಎಂದು ಯಾರೋ ಹೇಳಿದರು, ಅರ್ಜಿ ಹಾಕಿದಳು. ವಿಚಾರಿಸಲು ತಾಲ್ಲೂಕು ಆಫೀಸಿನವನು ಬಂದಾಗ ಹೇಮಶ್ರೀ ಕಾಲೇಜಿನಲ್ಲಿದ್ದಳು, ಬೈರಮ್ಮ ಬಾಗಿಲಲ್ಲಿದ್ದಳು. ಮಲಗಿದ ತಾಯಿಯನ್ನು ಬಿಟ್ಟು ಓದಲು ಹೋಗಿದ್ದಾಳೆ ಅಂದರೆ ಹೆಣ್ಣುಮಗಳಿಗೆ ಕೆಟ್ಟ ಹೆಸರಲ್ಲವೇ?

"ಕಾಲೇಜಾ? ಅದ್ನ ಯಾವತ್ತೋ ಬುಟ್ಬುಟ್ಲು ಬುಡಿ ಸಾ. ಅವ್ವನ ಬುಟ್ಟು ಅತ್ತಿತ್ತ ಅಲ್ಲಾಡಕಿಲ್ಲ, ಚಿನ್ನದಂತ ಮಗ" ಎಂದಳು. ಅವನು ಹಾಗೆಯೇ ಬರೆದುಕೊಂಡ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ ನೋಡಿ!

ಭತ್ಯೆ ಮಂಜೂರಾಯಿತು. ಓದು ಬಿಟ್ಟವಳಿಗೆ ಏತರ ವಿದ್ಯಾರ್ಥಿವೇತನ ಎಂದು ಅದು ನಿಂತಿತು. ಮಗಳು ಓದುತ್ತಿದ್ದಾಳೆಂದು ಒಂದು ಕಡೆ, ಓದು ಬಿಟ್ಟಳೆಂದು ಇನ್ನೊಂದು ಕಡೆ, ಒಂದೇ ರೇಷನ್ ಕಾರ್ಡಿನಲ್ಲಿ ಎರಡು ಮಾತು ಬಂತೆಂದು ಅವ್ವನ ಎರಡು ಸಾವಿರವನ್ನೂ ತಡೆಹಿಡಿದರು. ಪರೀಕ್ಷೆ ಶುಲ್ಕ ಕಟ್ಟಲು ಒಂಬತ್ತು ದಿನ ಉಳಿದಿತ್ತು. ಕಟ್ಟದಿದ್ದರೆ ವರ್ಷವೇ ಹೋಯಿತು.

ಹೇಮಶ್ರೀ ಆಫೀಸಿಗೆ ಹೋದಳು. ಅಲ್ಲಿನ ಗುಮಾಸ್ತ ಚಲುವಯ್ಯ ಕೆಟ್ಟವನೇನಲ್ಲ. ಒಂದು ಕಾಗದ ಮುಂದಿಟ್ಟ. "ಪುಟ್ಟಲಕ್ಷ್ಮಮ್ಮನವರ ಆರೈಕೆಯನ್ನು ನಾನು ಮಾಡುತ್ತಿಲ್ಲ" ಎಂದಿತ್ತು.

"ಮಾಡ್ತಿದೀನಲ್ಲ ಸಾರ್."

"ಮಾಡವ್ವ, ಯಾರ್ ಬ್ಯಾಡ ಅಂದೋರು? ಕಾಗ್ದದಲ್ಲಿ ಬ್ಯಾಡ ಅಷ್ಟೆಯ. ಸೈನ್ ಆಕು, ನಿಮ್ಮವ್ವಂದು ಎಬ್ಬೆಟ್ಟು ಒತ್ತಿಸ್ಕೊಂಡ್ ಬಾ. ಆ ಭತ್ಯೆ ಓಯ್ತದೆ, ನೀನು ಓದೋಳು ಅಂತ ಆಗಿ ಮಿಕ್ಕಿದ್ದೆಲ್ಲಾ ಸರೋಯ್ತದೆ."

ಮನೆಯಲ್ಲಿ ಬೈರಮ್ಮ "ನನ್ ನಾಲ್ಗೆ ಸೇದೋಗ" ಎಂದು ತಲೆ ಚಚ್ಚಿಕೊಂಡಳು. ಹೇಮಶ್ರೀಗೆ ಸಿಟ್ಟೂ ಬರಲಿಲ್ಲ. ಸಹಿ ಹಾಕಿದಳು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಮುಷ್ಟಿಗಟ್ಟಿದ ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ದಿನಾ ಮಾಡುವ ಕೆಲಸವೇ.

"ನನ್ನ ಯಾರು ನೋಡ್ಕತಾರೆ ಅಂತ ಬರ್ದದೆ?" ಅವ್ವ ತೊದಲಿದಳು.

"ಯಾರೂ ಇಲ್ಲ ಅಂತ."

ಅವ್ವ ಸೂರು ನೋಡಿದಳು. ಆಮೇಲೆ, "ಒತ್ತುಸ್ಕೊ ಮಗ. ನೀನು ಪರೀಕ್ಷೆ ಬರಿ" ಎಂದಳು.

ಆಗಲಾದರೂ ಅಳು ಬರಬೇಕಿತ್ತು, ಬರಲಿಲ್ಲ. ಹೇಮಶ್ರೀ ಹೆಬ್ಬೆಟ್ಟು ಒತ್ತಿಸಿಕೊಂಡು, ಮಸಿಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದಳು. ಕಾಗದವನ್ನು ಪುಸ್ತಕದೊಳಗಿಟ್ಟು, ಬೆನ್ನು ಹುಣ್ಣಾಗದಿರಲೆಂದು ಅವ್ವನನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು.