ಪತಂಗದ ಆಟ ಕಟ್ಟಿದ ಪಾಂಡುರಂಗರಾಯರು

ಕಲ್ಲಂಗಡಿ ಕೊಳ್ಳುವವರು ಹಣ್ಣಿಗೆ ಕಿವಿಯಿಟ್ಟು ತಟ್ಟಿ ನೋಡುತ್ತಾರಲ್ಲ, ಹಾಗೆ ಪಾಂಡುರಂಗರಾಯರು ಗೇಮ್ ಕನ್ಸೋಲಿಗೆ ಕಿವಿ ಹಚ್ಚುತ್ತಿದ್ದರು. ಒಳಗಿನ ಫ್ಯಾನು ಜೋರಾಗಿ ತಿರುಗಿದರೆ ಆಟ ಯಂತ್ರಕ್ಕೆ ಭಾರವಾಗಿದೆ ಎಂದರ್ಥ. "ಉಬ್ಬಸ ಹತ್ತೇತಿ ಇದಕ್ಕ, ಹೊರಿ ಇಳಸ್ರಿ," ಎನ್ನುತ್ತಿದ್ದರು. ಅದನ್ನೇ ಅಳೆದು ತೋರಿಸುವ ತಂತ್ರಾಂಶ ಎದುರಿಗೇ ಇರುತ್ತಿತ್ತು. ಅದನ್ನು ನೋಡುವುದು ಅವರಿಗೆ ಆಮೇಲಿನ ಮಾತು.

ಹಿಮಾಯತ್‌ನಗರದಲ್ಲಿ ಒಂದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಅವರದೊಂದು ಸಣ್ಣ ಕಂಪನಿ. ಹೊರದೇಶದ ಪ್ರಕಾಶಕರು ದೊಡ್ಡ ಯಂತ್ರಗಳಿಗೆಂದು ಮಾಡಿಸಿದ ಆಟಗಳನ್ನು ಕೈಯಲ್ಲಿ ಹಿಡಿದಾಡುವ ಒಂದು ಪುಟ್ಟ ಕನ್ಸೋಲಿಗೆ ಹೊಂದಿಸಿಕೊಡುವುದು ನಮ್ಮ ಕೆಲಸ. ಆಟವಾಡಿ ತಪ್ಪು ಹುಡುಕುವ ನೌಕರಿ ನನ್ನದು. ಇದನ್ನು ನೌಕರಿ ಎಂದು ನನ್ನ ತಾಯಿ ಕೊನೆಗೂ ಒಪ್ಪಲಿಲ್ಲ. ರಾಯರ ಮನೆತನ ಕಲಬುರಗಿ ಕಡೆಯದು. ಅವರಪ್ಪ ಇದೇ ಊರಿನ ಸುಲ್ತಾನ್ ಬಜಾರಿನಲ್ಲಿ ಸೀರೆ ವ್ಯಾಪಾರ ಮಾಡಿದವರು. ಹೀಗಾಗಿ ಇಂಜಿನಿಯರಾದರೂ ರಾಯರ ಲೋಕಜ್ಞಾನವೆಲ್ಲ ಸೀರೆಯ ಮಾತಿನಲ್ಲೇ ಹೊರಬರುತ್ತಿತ್ತು.

ಆ ಕನ್ಸೋಲಿನಲ್ಲಿ ಬೇರೆ ಕಂಪನಿಗಳ ಆಟಗಳು ಏಕೆ ಮಾರಾಟವಾಗುವುದಿಲ್ಲವೆಂದು ಸೇರಿದ ಹೊಸತರಲ್ಲಿ ಕೇಳಿದ್ದೆ.

"ತಂಗಿ, ಯಂತ್ರ ಮಾಡಿದವನ ಚಂದ ಚಂದ ಆಟಾನೂ ಮಾಡ್ತಾನ. ಮಂದಿ ಅವನ ಆಟಕ್ಕಂತನ ಯಂತ್ರ ತಗೋತಾರ. ನಾವಂದ್ರ ಸೀರಿ ಅಂಗಡಿ ಕಟ್ಟಿ ಮ್ಯಾಲೆ ಕುಂತು ಸೀರಿ ಮಾರವರು. ಒಳಗ ಹೊಂಟಾಕಿ ನಮ್ಮ ಕಡೆ ಹೊಳ್ಳಿ ನೋಡಬೇಕಂದ್ರ, ಒಳಗ ಇಲ್ಲದ್ದು ನಮ್ಮ ಹಂತ್ಯಾಕ ಇರಬೇಕು. ಮತ್ತ ಮಾಲಕ ಹೊಸಾ ಗಂಟು ಬಿಚ್ಚೋ ದಿನ ಕಟ್ಟಿ ಮ್ಯಾಲೆ ಕುಂದ್ರಲೇಬಾರದು."

ಒಮ್ಮೆ ಪ್ರಕಾಶಕರೊಬ್ಬರ ಮುಂಬೈ ಪ್ರತಿನಿಧಿ ಫೋನಿನಲ್ಲಿ, ಆ ಯಂತ್ರ ಕೊಂಡ ಜನಕ್ಕೆ ತಮ್ಮ ಆಟ ಬೇಕಾಗಿಯೇ ಇಲ್ಲ ಎಂದು ಗೊಣಗಿದ. ಅವನು ಕಳಿಸಿದ್ದು ಬೇರೆ ಕಡೆ ಎಂದೋ ಬಂದು ಹಳತಾಗಿದ್ದ ಆಟ. ಪುಟ್ಟ ಯಂತ್ರ ತಾಳಲೆಂದು ಆಟದೊಳಗಿನ ಊರುಗಳನ್ನೇ ಕತ್ತರಿಸಲು ಹೇಳಿದ್ದ. ಅವನ ಅವಸರಕ್ಕೆ ಬೇರೆ ಯಂತ್ರದ ಗುಂಡಿಗಳ ಹೆಸರೇ ಉಳಿದು, ನಮ್ಮ ಕನ್ಸೋಲಿನಲ್ಲಿ ಇಲ್ಲದ ಗುಂಡಿಯನ್ನು ಒತ್ತು ಎಂದು ಆಟ ಗಂಟುಬೀಳುತ್ತಿತ್ತು. ರಾಯರು ಹಿಂದಿಯಲ್ಲಿ ನಯವಾಗಿ ಮಾತು ಮುಗಿಸಿ ಫೋನಿಟ್ಟು ನಮ್ಮತ್ತ ತಿರುಗಿದರು. "ತಂಗಳಾ, ಅದೂ ಅರ್ಧ ತಾಟು ಬಡಸಿ, ಊರ ಮಂದಿಗೆ ಹಸಿವಿಲ್ಲಂತಾನ ನೋಡ್ರಿ!"

ಕೊನೆಗೆ ಅವರಿಗೂ ಸ್ವಂತ ಆಟ ಮಾಡುವ ಹುಚ್ಚು ಹಿಡಿಯಿತು. ಹಳೇ ಊರಿನ ಮಾಳಿಗೆಗಳ ಮೇಲೆ ನಿಂತು ಪತಂಗ, ಅಂದರೆ ಗಾಳಿಪಟ, ಹಾರಿಸುವ ಆಟ. ಕನ್ಸೋಲನ್ನೇ ಕೈಯಲ್ಲಿ ವಾಲಿಸಿದರೆ ದಾರ ಜಗ್ಗಿದಂತಾಗಿ ಪತಂಗ ತಿರುಗುತ್ತಿತ್ತು. ಪುಟ್ಟ ಯಂತ್ರಕ್ಕೆಂದೇ ಹುಟ್ಟಿದ್ದು. ಉಳಿದ ಕೆಲಸ ಬಿಟ್ಟು ನಾವೆಲ್ಲ ಇದಕ್ಕೇ ಬಿದ್ದೆವು. ಇದು ಓಡಿದರೆ ಇನ್ನು ಮುಂದೆ ನಮ್ಮವೇ ಆಟಗಳು, ಓಡದಿದ್ದರೆ ಕಂಪನಿಯೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಬಿಡುಗಡೆಗೆ ಸಂಕ್ರಾಂತಿಯ ದಿನ ನಿಗದಿಯಾಯಿತು. ಅದಾದ ಮೇಲೆ, ಕನ್ಸೋಲ್ ಮಾಡುವವರು ತಮ್ಮ ದೊಡ್ಡ ಆಟವನ್ನೂ ಅದೇ ದಿನ ತರುತ್ತಾರೆಂಬ ಸುದ್ದಿ ಬಂತು. ನಾನು ಓಡಿಹೋಗಿ ಹೇಳಿದೆ.

"ಸರ್, ಒಂದ್ ತಿಂಗಳು ಮುಂದ ಹಾಕ್ರಿ. ಅಂಥಾ ದಿನ ಕಟ್ಟಿ ಮ್ಯಾಲೆ ಕುಂದ್ರಬಾರದಂತ ನೀವ ಹೇಳಿದ್ರಲ್ರಿ."

"ಸಂಕ್ರಾಂತಿ ಮುಗದ ಮ್ಯಾಲೆ ಪತಂಗ ಯಾರ್ ಹಾರಸ್ತಾರವಾ?"

"ಆಡೋರು ಪರದೇಶದವರ್ರಿ. ಅವರಿಗೇನ್ ಗೊತ್ತು ಸಂಕ್ರಾಂತಿ?"

"ಗೊತ್ತಿಲ್ಲಂದ್ರ ಗೊತ್ತಾಗತೈತಿ, ಬಿಡು."

ವ್ಯಾಪಾರದ ಒಳಸುಳಿಗಳನ್ನೆಲ್ಲ ಬಲ್ಲ ಮನುಷ್ಯ ಹಬ್ಬದ ವಿಷಯಕ್ಕೆ ಬಂದಾಗ ಹಟಮಾರಿ ಕೂಸಾಗಿಬಿಟ್ಟರು. ನನಗೆ ಸಿಟ್ಟು ಬಂತು. ಅವರ ಮೇಲಿನ ಪ್ರೀತಿಯೂ ಹೆಚ್ಚಾಯಿತು, ಸುಳ್ಳೇಕೆ ಹೇಳಲಿ.

ಸಂಕ್ರಾಂತಿಯ ದಿನ ಅವರು ಆಫೀಸಿನಲ್ಲಿ ಎಲ್ಲರಿಗೂ ಕುಸುರೆಳ್ಳು ಹಂಚಿದರು, ನಾವು ಪತಂಗದ ಆಟವನ್ನು ಬಿಡುಗಡೆ ಮಾಡಿದೆವು. ಆನ್‌ಲೈನ್ ಅಂಗಡಿಯ ಮೊದಲ ಪುಟದ ತುಂಬ ಕನ್ಸೋಲಿನವರ ಆಟವೇ ಇತ್ತು. ನಮ್ಮದನ್ನು ಹೇಗೋ ಹುಡುಕಿ ಆಡಿದ ಕೆಲವರು ಭಾರಿ ಮೆಚ್ಚಿ ಬರೆದರು. ಉಳಿದವರ ಕಣ್ಣಿಗೆ ಅದು ಬೀಳಲೇ ಇಲ್ಲ.

ಕಂಪನಿ ಮುಚ್ಚಿ ಆಫೀಸು ಖಾಲಿ ಮಾಡಿದ ದಿನವೇ ನಾನವರನ್ನು ಕೊನೆಯ ಸಲ ನೋಡಿದ್ದು. ಅದಕ್ಕೂ ಮೊದಲು ರಾಯರು ಇನ್ನೊಂದು ಆಟಕ್ಕೆ ಹಣದ ಬೆಂಬಲ ಕೇಳಿದ್ದಕ್ಕೆ ಆ ಮುಂಬೈ ಪ್ರತಿನಿಧಿ, "ಆ ಯಂತ್ರಕ್ಕೆಂದೇ ಮಾಡಿದ ನಿಮ್ಮ ಆಟವೇ ಓಡಲಿಲ್ಲ, ಇನ್ನೇನು ಸಾಕ್ಷಿ ಬೇಕು?" ಎಂದಿದ್ದನಂತೆ. ಕುರ್ಚಿಗಳೆಲ್ಲ ಕೆಳಗಿಳಿದ ಮೇಲೆ ರಾಯರು ನೆಲದ ಮೇಲೆ ಕುಳಿತು ತಮ್ಮ ಕನ್ಸೋಲು ತೆರೆದರು. ನಮ್ಮ ಪತಂಗ ನೋಡುತ್ತಿದ್ದಾರೆಂದುಕೊಂಡು ಬಗ್ಗಿದೆ. ಪರದೆಯ ಮೇಲಿದ್ದದ್ದು ಕನ್ಸೋಲಿನವರ ಆ ದೊಡ್ಡ ಆಟ. ಮುಗಿಯಲು ಬಂದಿತ್ತು.

"ಇದನ್ನ ಯಾವಾಗ ತಗೊಂಡ್ರಿ ಸರ್?"

"ಬಂದ ದಿನಾನ."

"ಸಂಕ್ರಾಂತಿ ದಿನಾ?"

ಅವರು ತಲೆ ಎತ್ತಲಿಲ್ಲ.

"ಏನ್ ಮಾಡ್ಲವಾ," ಎಂದರು. "ಆಟ ಭಾಳ ಛಲೋ ಮಾಡ್ಯಾರ."