ಸಾತವ್ವ ಕೂಡಿಸಿದ ಎರಡು ವರ್ಷ

ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಆರಕ್ಕೆ ಎರಡು ಸದ್ದು ಶುರುವಾಗುತ್ತವೆ. ಒಂದು ಪಾವರ್‌ಲೂಮಿನದು, ಇನ್ನೊಂದು ಸಾತವ್ವನ ಬಾಯಿಯದು. ಕರೆಂಟು ಹೋದರೆ ಮೊದಲನೆಯದು ನಿಲ್ಲುತ್ತದೆ.

ಸಾತವ್ವನಿಗೆ ಈಗ ಅರವತ್ತೆಂಟು. ಅರವತ್ತು ವರ್ಷದಿಂದ ಅವಳು ಕಂಡಿಕೆ ಸುತ್ತುತ್ತಿದ್ದಾಳೆ, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಕೈ ತನ್ನ ಪಾಡಿಗೆ ಕೆಲಸ ಮಾಡುವುದರಿಂದ ಬಾಯಿಗೆ ಪೂರಾ ಬಿಡುವು. ಯಾರ ಸೊಸೆ ಎಷ್ಟು ಗಂಟೆಗೆ ಎದ್ದಳು, ಯಾವ ಮುಖಂಡ ಯಾವ ಪಕ್ಷ ಬಿಟ್ಟ, ದೇವರಿಗೆ ಯಾಕೆ ಕಿವಿ ಕೇಳುವುದಿಲ್ಲ, ಎಲ್ಲದಕ್ಕೂ ಅವಳ ಬಳಿ ತೀರ್ಪು ತಯಾರು. ನಾನು ಇದೇ ಓಣಿಯ ಅರುಣ, ಹೈಸ್ಕೂಲಿನ ಪಿ.ಟಿ. ಮಾಸ್ತರ. ನಾನು ಚಡ್ಡಿ ಇಲ್ಲದೆ ಓಡಾಡಿದ್ದನ್ನು ನೋಡಿದವಳು ಅವಳು, ಹಾಗಾಗಿ ನನ್ನನ್ನು ಸರ್ ಎನ್ನುವ ಪ್ರಶ್ನೆಯೇ ಇಲ್ಲ. “ಸೀಟಿ ಊದಾಕ ಸರ್ಕಾರ ಪಗಾರ ಕೊಡತೈತಿ ಅಂದ್ರ, ನಮ್ಮ ಕುಕ್ಕರಿಗೂ ಕೊಡಬೇಕಲೇ ಅರುಣ್ಯಾ” ಎಂದು ಒಮ್ಮೆ ಅಂದಳು.

ಅವಳ ಮಗ ಸಂಜಯ, ಸೊಸೆ ನಂದಾ, ಇಬ್ಬರೂ ಮಗ್ಗದ ಕೆಲಸದವರು, ಇಬ್ಬರಿಗೂ ಅವಳೆಂದರೆ ಅಂಜಿಕೆ. ಅಂಜದವಳು ಒಬ್ಬಳೇ, ಮೊಮ್ಮಗಳು ಮನೀಷಾ. ನಾಲ್ಕು ವರ್ಷದ ಮನೀಷಾ ಕಂಡಿಕೆಯ ಬುಟ್ಟಿಯನ್ನು ದಿನಕ್ಕೆ ಹತ್ತು ಸಲ ಒದ್ದು ಓಣಿಯ ತುಂಬ ನೂಲು ಹಾಸುತ್ತಿದ್ದಳು. ಸಾತವ್ವ ಒಂದು ದಿನ ಅವಳ ರಟ್ಟೆ ಹಿಡಿದು ಪ್ರಾಥಮಿಕ ಸಾಲಿಗೆ ಎಳೆದುಕೊಂಡು ಹೋಗಿ, “ಇಕಿಗೆ ಆರು ತುಂಬ್ಯಾವ, ಹೆಸರು ಹಚ್ಚಿಕೋರಿ” ಅಂದಳು.

ಆಗ ಹೆಡ್‌ಮಾಸ್ತರ ಆಗಿದ್ದವರು ಅಮಸಿದ್ದಪ್ಪನವರು, ಹಳೆಯ ಕಾಲದವರು. ಕಾಗದ ಇಲ್ಲದ ಮಗು ಬಂದರೆ ನಮ್ಮ ಕಡೆ ಒಂದು ಪರೀಕ್ಷೆ ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿದ ಹಾಗೆ. ಮನೀಷಾ ಹುಟ್ಟಾ ಉದ್ದಗೈಯವಳು. ಕಿವಿ ಮುಟ್ಟಿದ್ದಲ್ಲದೆ ಅದನ್ನು ಹಿಡಿದು ಎಳೆದು ತೋರಿಸಿದಳು. ಹೆಡ್‌ಮಾಸ್ತರರು ಹಾಜರಿಗೆ ಅವಳ ಹೆಸರು ಹಚ್ಚಿ, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದರು. ನಮ್ಮ ಕಡೆಯ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು, ನಾನೂ ಸೇರಿ. ಮಗು ಹಾಗೆ ಒಂದು ಮುಂಜಾನೆಯಲ್ಲಿ ಎರಡು ವರ್ಷ ದೊಡ್ಡದಾಯಿತು. ಯಾಕವ್ವ ಇಷ್ಟು ಗಡಿಬಿಡಿ ಎಂದು ಕೇಳಿದವರಿಗೆ ಸಾತವ್ವ, ಪೀಡೆ ತೊಲಗಲಿ ಅಂತ ಎನ್ನುತ್ತಿದ್ದಳು.

ಹೈಸ್ಕೂಲಿಗೆ ಬಂದ ಮೇಲೆ ಆ ಪೀಡೆ ನನ್ನ ಕೈಗೆ ಸಿಕ್ಕಿತು. ಆ ವರ್ಷ ನಾನು ಕೇಳಿದ್ದು ವಾಲಿಬಾಲು, ಬಂದದ್ದು ಆರು ಫುಟ್‌ಬಾಲು. ಹುಡುಗರು ಕ್ರಿಕೆಟ್ ಬಿಟ್ಟು ಬರಲಿಲ್ಲ, ಹುಡುಗಿಯರು ಬಂದರು. ನಾನು ಫೋನಿನಲ್ಲಿ ನೋಡಿ ಕಲಿತು ಕಲಿಸಿದೆ. ಆಫ್‌ಸೈಡ್ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ, ಆದರೆ ಅದನ್ನು ಮುಖದಲ್ಲಿ ತೋರಿಸಿಕೊಳ್ಳುವುದಿಲ್ಲ. ಉದ್ದಗೈಯ ಮನೀಷಾಳನ್ನು ಗೋಲಿನಲ್ಲಿ ನಿಲ್ಲಿಸಿದೆ. ಜಮಖಂಡಿಯಲ್ಲಿ ಮುಧೋಳದವರ ಮೇಲೆ ಆಡಿದಾಗ ಒಂದೂ ಚೆಂಡು ಒಳಗೆ ಬಿಡಲಿಲ್ಲ. “ಮುಧೋಳದಾಗ ಓಡೂದು ಬರೇ ನಾಯಿಗೋಳು ಅಂತ ಕಾಣಸ್ತೈತಿ” ಎಂದು ಸಾತವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಆ ಆಟ ಅವಳು ನೋಡಿಯೇ ಇರಲಿಲ್ಲ.

ಮನೀಷಾ ಜಿಲ್ಲೆ ದಾಟಿದಳು, ರಾಜ್ಯದ ತಂಡ ಸೇರಿದಳು, ಕಾಲೇಜಿಗೂ ಹೋದಳು. ಆಗ ದೇಶದ ಹದಿನೇಳರೊಳಗಿನ ಹುಡುಗಿಯರ ತಂಡವನ್ನು ಹೊಸದಾಗಿ ಕಟ್ಟುತ್ತಿದ್ದರು. ಊರೂರು ತಿರುಗಿ ಆರಿಸುವುದು, ತಿಂಗಳುಗಟ್ಟಲೆ ಶಿಬಿರದಲ್ಲಿಟ್ಟು ಪಳಗಿಸುವುದು, ಆಮೇಲೆ ಹೊರದೇಶದವರ ಮೇಲೆ ಆಡಿಸುವುದು. ಆರಿಸಲು ಬಂದಿದ್ದ ಮೇಡಂ ಮನೀಷಾಳ ಕೈಯನ್ನು ಟೇಪಿನಿಂದ ಅಳೆದು, “ಇಂಥದ್ದನ್ನೇ ಹುಡುಕುತ್ತಿದ್ದೆವು” ಅಂದರು. ಶಿಬಿರಕ್ಕೆ ಕರೆ ಬಂತು. ಇಪ್ಪತ್ತು ದಿನದಲ್ಲಿ ಕಾಗದಪತ್ರ ಒಪ್ಪಿಸಬೇಕಿತ್ತು.

ಕಾಗದದ ಪ್ರಕಾರ ಅವಳಿಗೆ ಹದಿನೇಳು ದಾಟಿತ್ತು. ಖರೆ ವಯಸ್ಸು ಹದಿನೈದು. ವಯಸ್ಸು ತಿಳಿಯಲು ತೆಗೆದ ಮುಂಗೈ ಎಕ್ಸ್-ರೇಯೂ ಅದನ್ನೇ ಹೇಳಿತು, ಆದರೆ ಶಿಬಿರದವರಿಗೆ ಎಲುಬಿನ ಜೊತೆ ಕಾಗದವೂ ಬೇಕು. ಬೇರೆ ಕಡೆಯ ಕೋಚುಗಳು ಆಟಗಾರರ ವಯಸ್ಸು ಇಳಿಸಿ ಸಿಕ್ಕಿಬೀಳುತ್ತಾರೆ. ಏರಿದ್ದಕ್ಕೆ ಸಿಕ್ಕಿಬಿದ್ದವನು ನಾನೊಬ್ಬನೇ ಇರಬೇಕು.

ಹುಟ್ಟಿದಾಗಲೇ ಬರೆಸಿದ ಖರೆ ದಾಖಲೆ ಒಂದಿತ್ತು, ಹತ್ತಿರದ ಚಿಮ್ಮಡದಲ್ಲಿ. ಮೊದಲ ಹೆರಿಗೆ ತವರಲ್ಲಿ ಆಗುವುದು ನಮ್ಮ ರೂಢಿ, ನಂದಾಳ ತವರು ಚಿಮ್ಮಡ. ತೊಟ್ಟಿಲಿನ ದಿನ ಸಾತವ್ವ ಮನೀಷಾ ಎಂಬ ಹೆಸರನ್ನು ಆರಿಸಿಕೊಂಡು ಹೋದಳು. ಅಷ್ಟರಲ್ಲಿ ನಂದಾಳ ತಾಯಿ ಲಗಮವ್ವ ಪಂಚಾಯಿತಿಯಲ್ಲಿ ಕೂಸಿಗೆ ತನ್ನದೇ ಹೆಸರು ಬರೆಸಿ ಕೂತಿದ್ದಳು, ಬೀಗರಿಗೆ ಒಂದು ಮಾತೂ ಹೇಳದೆ. “ನಿಮ್ಮ ಮನಿತನದಾಗ ಖರೆ ಮಾತಾಡೂ ಬಾಯಿನ ಹುಟ್ಟಿಲ್ಲ” ಎಂದು ಊಟ ಬಿಟ್ಟು ಎದ್ದು ಬಂದ ಸಾತವ್ವ ಮತ್ತೆ ಚಿಮ್ಮಡದ ಕಡೆ ತಲೆ ಹಾಕಿರಲಿಲ್ಲ. ಆ ಹೆಸರನ್ನೂ ಬಾಯಿಂದ ತೆಗೆದಿರಲಿಲ್ಲ. ‘ಚಿಮ್ಮಡದಾಕಿ’ ಅಷ್ಟೆ. ಬೀಗತಿ ಉಡಿಸಿದ್ದ ಸೀರೆ ಹದಿನೈದು ವರ್ಷದಿಂದ ಮಗ್ಗದ ಮೋಟರಿಗೆ ಮುಸುಕಾಗಿದೆ.

ಶಿಬಿರದ ಕಚೇರಿಯವರು ದಾರಿ ಹೇಳಿದರು. ಚಿಮ್ಮಡದ ದಾಖಲೆಯ ಲಗಮವ್ವ, ಬನಹಟ್ಟಿಯ ಮನೀಷಾ ಇಬ್ಬರೂ ಒಬ್ಬಳೇ ಎಂದು ಎರಡೂ ಕಡೆಯ ಹಿರಿಯರು ನೋಟರಿ ಮುಂದೆ ಪ್ರಮಾಣ ಮಾಡಬೇಕು. ಸಾಲಿಯಲ್ಲಿ ವಯಸ್ಸು ಯಾಕೆ ತಪ್ಪಾಯಿತೆಂದು, ತಪ್ಪು ಹೇಳಿದವರೇ ಬರೆದುಕೊಡಬೇಕು. ಮುಂದೆ ಆಧಾರ್‌ನಲ್ಲೂ ಜೆರ್ಸಿಯ ಬೆನ್ನ ಮೇಲೂ ದಾಖಲೆಯಲ್ಲಿದ್ದ ಹೆಸರೇ.

“ಚಿಮ್ಮಡದಾಕಿ ಮುಂದ ಕುಂತು ನಾ ಸುಳ್ಳಿ ಅಂತ ಬರಸಲಿ?” ನಾನು ಹೋಗಿ ಇದನ್ನು ಹೇಳಿದ್ದೇ ಸಾತವ್ವ ಕಂಡಿಕೆ ಸುತ್ತುವ ರಾಟಿ ನಿಲ್ಲಿಸಿದಳು. “ಅದರ ಮ್ಯಾಲ ನನ್ನ ಮೊಮ್ಮಗಳ ಬೆನ್ನಿಗೆ ಆಕಿ ಹೆಸರು ಬ್ಯಾರೆ? ಚೆಂಡೂ ಬ್ಯಾಡ, ಏನೂ ಬ್ಯಾಡ. ಎದ್ದು ಹೋಗಲೇ.”

ನಾನು ಎದ್ದು ಬಂದೆ. ನನಗೂ ಸಿಟ್ಟು ಬಂದಿತ್ತು. ಹತ್ತು ವರ್ಷ ಬಿಸಿಲಲ್ಲಿ ಸೀಟಿ ಊದಿದವನಿಗೆ ಜನ್ಮದಲ್ಲಿ ಒಮ್ಮೆ ಸಿಗುವ ಹುಡುಗಿ ಅವಳು.

ಮನೀಷಾ ಅಳಲಿಲ್ಲ, ಜಗಳವಾಡಲಿಲ್ಲ. ಮರುದಿನ ಕಾಲೇಜಿನಿಂದ ಬಂದವಳು ಗ್ಲೌಸು ಗೂಟಕ್ಕೆ ಹಾಕಿ ಅಜ್ಜಿಯ ಪಕ್ಕ ಕೂತು ಕಂಡಿಕೆ ಸುತ್ತತೊಡಗಿದಳು. ಹುಟ್ಟಿದಾಗಿನಿಂದ ಒಂದು ಕಂಡಿಕೆಯನ್ನೂ ನೆಟ್ಟಗೆ ಸುತ್ತದವಳು, ಈಗ ಎಳೆ ತಪ್ಪದಂತೆ ಸುತ್ತಿದಳು. ಎರಡನೆಯ ದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ಬೈಯಲು ಸಾತವ್ವನಿಗೆ ಒಂದು ತಪ್ಪೂ ಸಿಗಲಿಲ್ಲ. ನಾಲ್ಕನೆಯ ಮುಂಜಾನೆ ಅಜ್ಜಿ ನಮ್ಮ ಬಾಗಿಲಿಗೆ ಬಂದು ನಿಂತಳು.

“ಹುಡಿಗಿ ಛಲೋ ಸುತ್ತಾಕತ್ತಾಳ” ಅಂದಳು. ಮನೆಯಲ್ಲಿ ಯಾರೋ ಸತ್ತ ಸುದ್ದಿ ಹೇಳುವ ದನಿ. ಆಮೇಲೆ, “ಚಿಮ್ಮಡಕ್ಕ ಆಟೋ ಹೇಳು” ಅಂದಳು.

ಚಿಮ್ಮಡದಲ್ಲಿ ಲಗಮವ್ವ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿದಳು. ಅವಳೂ ಅದೇ ವಯಸ್ಸಿನವಳು, ಕಬ್ಬಿನ ಹೊಲದವಳು, ಅವಳ ಬಾಯಿಯೂ ಕಡಿಮೆಯದಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನನ್ನ ಮೂಲಕ ಮಾತಾಡಿದರು.

“ಮಾಸ್ತರ್ರ, ಚಾಕ್ಕ ಸಕ್ಕರಿ ಎಷ್ಟ ಹಾಕಲಿ ಅಂತ ಅವರಿಗೆ ಕೇಳ್ರಿ” ಎಂದು ಲಗಮವ್ವ.

“ಕಬ್ಬಿನ ಮನ್ಯಾಗ ಸಕ್ಕರಿ ಅಳೆಯೂದಿಲ್ಲ ಅಂತ ಹೇಳಲೇ ಅರುಣ್ಯಾ” ಎಂದು ಸಾತವ್ವ.

ಚಹಾ ಪಾಯಸದ ಹಾಗೆ ಬಂತು. ಅದನ್ನು ಕುಡಿದು ಮೂವರೂ ಅದೇ ಆಟೋದಲ್ಲಿ ಬನಹಟ್ಟಿಗೆ, ನೋಟರಿ ಗೂಳಪ್ಪ ವಕೀಲರಲ್ಲಿಗೆ ಬಂದೆವು. ಅಜ್ಜಿಯರಿಬ್ಬರ ನಡುವೆ ನನ್ನನ್ನು ಕೂರಿಸಿದ್ದರು.

ವಯಸ್ಸು ಹೆಚ್ಚಿಗೆ ಹೇಳಿದ ಕಾರಣ ಎಂಬಲ್ಲಿ ವಕೀಲರು ‘ಅಜ್ಞಾನದಿಂದ’ ಎಂದು ಬರೆದು ಓದಿದರು.

“ಅಜ್ಞಾನ ಯಾರಿಗ್ರೀ?” ಸಾತವ್ವ ತಡೆದಳು. “ನಾ ತಿಳದಽ ಹೇಳೇನಿ. ನನಗ ಆರು ತುಂಬಿದಾಗ ನಮ್ಮಪ್ಪ ಸಾಲಿಗೆ ಕರಕೊಂಡು ಹೋಗಿದ್ದ. ನಾ ಗಿಡ್ಡಿ. ಕೈ ಕಿವಿಗೆ ಮುಟ್ಟಲಿಲ್ಲ. ಬರೂ ವರ್ಷ ಬಾ ಅಂದ ಮಾಸ್ತರ. ಬರೂ ವರ್ಷ ಅನ್ನೂದ್ರಾಗ ಮನ್ಯಾಗ ರಾಟಿ ಮುಂದ ಕುಂಡ್ರಿಸಿದ್ರು. ಇಕಿ ಕೈ ನಾಕಕ್ಕಽ ಮುಟ್ಟಿತು. ಮುಟ್ಟಿದ ದಿನಾನ ಸೇರಿಸಿಬಿಟ್ಟೆ. ಬರೂ ವರ್ಷದ್ದು ಯಾರು ಕಂಡಾರ? ಅದನ್ನ ಬರಕೋರಿ.”

ವಕೀಲರು ‘ಅಜ್ಞಾನದಿಂದ’ ಎನ್ನುವುದನ್ನು ಹೊಡೆದುಹಾಕಿ ‘ಸಾಲಿ ತಪ್ಪಬಾರದೆಂದು’ ಎಂದು ಬರೆದರು. ಆರು ದಶಕದ ಮಾತು ಅಷ್ಟರಲ್ಲಿ ಮುಗಿಯಿತು. ಲಗಮವ್ವ ಆಗ ಮೊದಲ ಸಲ ನೇರವಾಗಿ ಮಾತಾಡಿದಳು. “ಒತ್ತರಿ ಬೀಗತಿ. ನಂದೂ ಹೆಬ್ಬಟ್ಟಽ ಐತಿ.”

ಇಬ್ಬರ ಹೆಬ್ಬಟ್ಟೂ ಬಿದ್ದವು. ಹುಡುಗಿ ಶಿಬಿರಕ್ಕೆ ಹೋದಳು. ಚಿಮ್ಮಡದಲ್ಲಿ ಲಗಮವ್ವ ಮನೆಮನೆಗೆ ಪೇಢೆ ಹಂಚಿದಳಂತೆ. “ತಾನಽ ಗೋಲಿನ್ಯಾಗ ನಿಂತಂಗ ಮಾಡಾಕತ್ತಾಳ” ಎಂದು ಸಾತವ್ವ ಗೊಣಗಿದಳು.

ಮೂರನೆಯ ದಿನ ನನ್ನ ಫೋನಿಗೆ ಮನೀಷಾಳ ಕರೆ ಬಂತು. ಕೋಚು ಹಿಂದಿನಿಂದ ಲಗಮವ್ವ, ಲಗಮವ್ವ ಎಂದು ಕೂಗುತ್ತಾರೆ, ತನ್ನನ್ನೇ ಎಂದು ಹೊಳೆಯುವುದರೊಳಗೆ ಚೆಂಡು ಬಲೆಯೊಳಗೆ. ಹುಟ್ಟಿದಾಗಿನಿಂದ ಆ ಹೆಸರಿನಿಂದ ಅವಳನ್ನು ಯಾರೂ ಕರೆದದ್ದಿಲ್ಲ. ಮನೀಷಾ ಎಂದು ಕರೆಯಿರಿ ಅನ್ನಲು ಬಾಯಿ ಬಂದಿಲ್ಲ, ಇದ್ದಬದ್ದ ಕಾಗದವೆಲ್ಲ ಆ ಹೆಸರಿನಲ್ಲಿದೆ. ಹೇಳಿದ ಮಾತು ಕೇಳುವುದಿಲ್ಲ ಎಂದು ಕೋಚು ಬರೆದುಕೊಂಡಿದ್ದಾರೆ. ಇನ್ನು ಏಳು ದಿನಕ್ಕೆ ಅರ್ಧ ಮಂದಿಯನ್ನು ಮನೆಗೆ ಕಳಿಸುತ್ತಾರೆ.

ನಾನು ಇದನ್ನೆಲ್ಲ ಸಾತವ್ವನಿಗೆ ಹೇಳಿದೆ. ಸಂಜೆ ಆರಕ್ಕೆ ಬಂದು, “ಮುಖ ಕಾಣೂ ಫೋನು ಹಚ್ಚು” ಅಂದಳು. ಮೊಮ್ಮಗಳು ಕಂಡ ಕೂಡಲೇ, “ಗೋಡಿ ಕಡೆ ಮುಖ ಮಾಡಿ ನಿಂದರು. ನಾ ಕರೀತೀನಿ, ನೀ ತಿರುಗು” ಅಂದಳು.

ಹುಡುಗಿ ಬೆನ್ನು ತಿರುಗಿಸಿ ನಿಂತಳು. ಸಾತವ್ವ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ತೆರೆದಳು.

“ಲಗಮವ್ವಾ.”

ಹುಡುಗಿ ತಿರುಗಲಿಲ್ಲ. ಎರಡನೆಯ ಸಲ ತುಸು ಗಟ್ಟಿಯಾಗಿ. ಮೂರನೆಯದು ಮಗ್ಗದ ಸದ್ದನ್ನೂ ಮೀರಿತು. ಸಂಜಯ ಮಗ್ಗ ನಿಲ್ಲಿಸಿ ಹೊರಗೆ ಬಂದ, ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಹುಡುಗಿ ತಿರುಗಿದಳು.

“ತಡ ಆತು” ಅಂದಳು ಸಾತವ್ವ. “ಮತ್ತ ನಿಂದರು.”

ಏಳು ಸಂಜೆ ಹೀಗೆ ನಡೆಯಿತು, ದಿನಕ್ಕೆ ಐವತ್ತು ಸಲ. ಕೊನೆಕೊನೆಗೆ ಹೆಸರು ಅರ್ಧಕ್ಕೆ ಬರುವುದರೊಳಗೆ ಹುಡುಗಿ ಇತ್ತ ತಿರುಗಿರುತ್ತಿದ್ದಳು. ಎಂಟನೆಯ ದಿನ ಮಧ್ಯಾಹ್ನ ಶಿಬಿರದಲ್ಲಿ ಉಳಿದವರ ಪಟ್ಟಿ ಬಂತು, ಅವಳ ಹೆಸರಿತ್ತು. ಆ ಸಂಜೆ ಕರೆಯುವ ಕೆಲಸ ಇರಲಿಲ್ಲ. ಆದರೂ ಸಾತವ್ವ ಆರಕ್ಕೆ ಸರಿಯಾಗಿ ಬಂದು ಫೋನು ಕೇಳಿದಳು.

“ಶಿಬಿರಕ್ಕ ಬ್ಯಾಡ” ಅಂದಳು. “ಚಿಮ್ಮಡಕ್ಕ ಹಚ್ಚು.”

ಹಚ್ಚಿ ಕೊಟ್ಟೆ. ಆ ಕಡೆಯಿಂದ ಹಲೋ ಎಂದರು.

“ಲಗಮವ್ವಾ” ಅಂದಳು ಸಾತವ್ವ. “ನಮ್ಮ ಹುಡಿಗಿ ಉಳದಾಳ.”