ಘಾಟಿಲ್ಲದ ಹೊಗೆ

ರಗ್ಬಿಯಲ್ಲಿ ವಿಂಗರ್ ಎಂದರೆ ಅಂಚಿನ ಗೆರೆಯ ಪಕ್ಕ ನಿಂತು ಕಾಯುವವನು. ನಾನು ಆಡುವುದು ಹದಿಮೂರು ಜನರ ರಗ್ಬಿ ಲೀಗ್. ನಡು ಮೈದಾನದಲ್ಲಿ ದಪ್ಪ ದಪ್ಪ ಆಳುಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಳ್ಳುತ್ತಿರುತ್ತಾರೆ, ವಿಂಗರ್‌ಗೆ ಚೆಂಡು ಸಿಗುವುದು ಯಾವಾಗಲೋ ಒಮ್ಮೆ. ಸಿಕ್ಕಾಗ ಹಿಂದೆ ನೋಡದೆ ಓಡಬೇಕು. ಓಟವೊಂದನ್ನು ಬಿಟ್ಟರೆ ನನ್ನಲ್ಲಿ ಬೇರೆ ಬಂಡವಾಳವಿರಲಿಲ್ಲ. ಮಲೇಷ್ಯಾದ ಪುಚೊಂಗ್‌ನಲ್ಲಿ ಓದಿ ಬೆಳೆದ ನನ್ನನ್ನು ಆಸ್ಟ್ರೇಲಿಯಾದ ಒಂದು ಕ್ಲಬ್ ಕರೆಸಿಕೊಂಡಿದ್ದು ಆ ಓಟ ನೋಡಿಯೇ. ಇದು ಯಾವ ಆಟವೆಂದು ನಮ್ಮ ಮೈಸೂರಿನ ನೆಂಟರಿಗೆ ಇವತ್ತಿಗೂ ಅರ್ಥವಾಗಿಲ್ಲ. ನಾನೂ ವಿವರಿಸುವುದನ್ನು ಬಿಟ್ಟಿದ್ದೇನೆ.

ನನ್ನ ಮೊದಲ ಸೀಸನ್ ಸರಿಯಾಗಿ ಶುರುವಾಗುವ ಮುಂಚೆಯೇ ಕೋವಿಡ್ ಬಂತು. ಆಟ ನಿಂತಿದೆ, ಮನೆಗೆ ಹೋಗಿ ಎಂದರು. ಬಂದೆ. ಬಂದವನ ಬೆನ್ನ ಹಿಂದೆಯೇ ಎರಡೂ ದೇಶದ ಬಾಗಿಲು ಮುಚ್ಚಿತು. ಕೆಲವು ದಿನಗಳಲ್ಲಿ ಬೀದಿಯಲ್ಲಿ ಓಡುವುದೂ ತಪ್ಪಾಯಿತು. ನಾನು ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕಾರ್ ಪಾರ್ಕ್‌ನಲ್ಲಿ ಓಡತೊಡಗಿದೆ. ಆ ತುದಿಯಲ್ಲಿ ನಿಂತಿರುತ್ತಿದ್ದ ಒಂದು ಬಿಳಿ ಕಾರು ನನ್ನ ಗುರಿ. ಅದು ಏಳನೇ ಮಹಡಿಯ ಚೀನೀ ಅಂಕಲ್‌ನದು. ಮೊದಮೊದಲು ಅವರು ಅದನ್ನು ಒರೆಸುತ್ತ ನನ್ನ ಓಟ ನೋಡಿ ನಗುತ್ತಿದ್ದರು. ಒಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟವರು ಬಂದು ಅವರನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದರು. ಆಮೇಲೆ ಕಾರಿನ ಮೇಲೆ ಧೂಳು ಕೂತಿತು, ಟೈರಿನ ಗಾಳಿ ಇಳಿಯಿತು. ನಾನು ದಿನವೂ ಅದರ ತನಕ ಓಡಿ, ಅದನ್ನು ಮುಟ್ಟದೆ ತಿರುಗುತ್ತಿದ್ದೆ.

ವರ್ಷ ಕಳೆದ ಮೇಲೆ ಕ್ಲಬ್‌ನಿಂದ ಫೋನ್ ಬಂತು. ಅಲ್ಲಿಯ ವಿಂಗರ್ ಒಬ್ಬನ ಮಂಡಿ ಮುರಿದಿತ್ತು. ಒಳಗೆ ಬರಲು ವಿಶೇಷ ಅನುಮತಿ ಸಿಕ್ಕಿದೆ, ಮುಂದಿನ ವಾರ ಹೊರಡು, ಬಂದ ಮೇಲೆ ಓಟದ ಪರೀಕ್ಷೆ ಇರುತ್ತದೆ, ಅದರಲ್ಲಿ ಗೆದ್ದರೆ ಒಪ್ಪಂದ ಮುಂದುವರಿಯುತ್ತದೆ ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅಮ್ಮ ಜರ್ಸಿ ತೊಟ್ಟ ನನ್ನ ಫೋಟೋವನ್ನು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದಳು. ಹಾಕಿ, ಅಷ್ಟು ಜನ ನೋಡಿಬಿಟ್ಟರಲ್ಲ ಎಂದು ತಾನೇ ಹೆದರಿಕೊಂಡಳು.

ಮುಸ್ಸಂಜೆಗೆ ದೃಷ್ಟಿ ತೆಗೆಯಲು ನನ್ನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದಳು. ಸೈಬರ್‌ಜಯಾದ ಡೇಟಾ ಸೆಂಟರ್‌ನಲ್ಲಿ ಪಾಳಿ ಮುಗಿಸಿ ಬಂದಿದ್ದ ಅಪ್ಪ ಸೋಫಾದಲ್ಲಿ ಬಿದ್ದುಕೊಂಡಿದ್ದ. ಎರಡು ದಿನದಿಂದ ಮೈಕೈ ನೋವು ಅನ್ನುತ್ತಿದ್ದ. ನನಗೂ ಅಂದು ಬಿಳಿ ಕಾರಿನ ತನಕ ಓಡುವಷ್ಟರಲ್ಲಿ ಕಾಲಿಗೆ ಕಲ್ಲು ಕಟ್ಟಿದ ಹಾಗಾಗಿತ್ತು. ಸೆಕೆ ಎಂದುಕೊಂಡೆ. ಅಮ್ಮ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಮುಖದ ಮುಂದೆ ಇಳಿ ತೆಗೆದು, ಕಂಡವರ ಕಣ್ಣೆಲ್ಲ ಸುಟ್ಟುಹೋಗಲಿ ಎಂದು ಗೊಣಗುತ್ತ, ಒಲೆಯ ಮೇಲಿನ ಕಬ್ಬಿಣದ ಬಾಣಲೆಗೆ ಹಾಕಿದಳು.

ಮೆಣಸಿನಕಾಯಿ ಕರಕಲಾಯಿತು. ಅಡುಗೆಮನೆಯ ತುಂಬ ಹೊಗೆ ಎದ್ದಿತು. ಘಾಟು ಬರಲಿಲ್ಲ.

ನಮ್ಮ ಕಡೆ ಅದಕ್ಕೊಂದೇ ಅರ್ಥ: ಘಾಟು ಬಾರದಿದ್ದರೆ ದೃಷ್ಟಿ ಬಲವಾಗಿ ಬಿದ್ದಿದೆ ಎಂದು.

"ನೋಡು, ಒಂಚೂರೂ ಘಾಟಿಲ್ಲ. ಎಷ್ಟು ಜನರ ಕಣ್ಣು ಬಿದ್ದಿದ್ಯೋ ಏನೋ," ಎಂದಳು. ಹೆದರಿಕೆಯ ಜೊತೆಗೆ ತನ್ನ ಅನುಮಾನವೇ ನಿಜವಾಯಿತೆಂಬ ಸಮಾಧಾನವೂ ಅವಳ ದನಿಯಲ್ಲಿತ್ತು. ಇನ್ನೊಂದು ಹಿಡಿ ಮೆಣಸಿನಕಾಯಿ ಸುರಿದಳು. ಅಪ್ಪನೂ ಎದ್ದು ಬಂದು ಬಾಣಲೆ ಬಗ್ಗಿ ನೋಡಿ, ಹೌದಲ್ಲ, ಏನೂ ಇಲ್ಲ ಎಂದ.

ಆಗ ಹೊರಗಿನ ಕಬ್ಬಿಣದ ಗೇಟು ದಡದಡ ಬಡಿಯಿತು. ಎದುರುಮನೆಯ ತಮಿಳು ಅಕ್ಕ. ಕಂಕುಳಲ್ಲಿ ಕೂಸು, ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು. ಏನು ಸುಡುತ್ತಿದ್ದೀರಿ, ಮಗುವಿಗೆ ಉಸಿರಾಡಲು ಆಗುತ್ತಿಲ್ಲ ಎಂದು ಕೆಮ್ಮಿನ ನಡುವೆಯೇ ಕೇಳಿದಳು. ನಾವು ಮೂವರೂ ಆ ಹೊಗೆಯೊಳಗೆ ಆರಾಮಾಗಿ ನಿಂತು ಅವಳನ್ನು ನೋಡುತ್ತಿದ್ದೆವು.

"ಅಮ್ಮಾ, ಇದು ದೃಷ್ಟಿ ಅಲ್ಲ," ಎಂದೆ. "ಸ್ಮೆಲ್ ಹೋಗಿದೆ, ಖಾರದ ಉರಿಯೂ ಗೊತ್ತಾಗ್ತಿಲ್ಲ. ಮೂರೂ ಜನಕ್ಕೂ ಹೋಗಿದೆ."

ಅಕ್ಕನಿಗೆ ದೂರ ಹೋಗಿ ಎಂದು ಕೂಗಿ ಬಾಗಿಲು ಹಾಕಿದೆ. ಮನೆಯಲ್ಲಿದ್ದ ಕೋವಿಡ್ ಟೆಸ್ಟ್ ಕಿಟ್‌ನಲ್ಲಿ ಮೂವರಿಗೂ ಎರಡೆರಡು ಗೆರೆ ಮೂಡಿತು. ಕ್ಲಬ್‌ಗೆ ತಿಳಿಸಿದೆ. ನನ್ನ ಸೀಟಿನಲ್ಲಿ ಬೇರೊಬ್ಬ ಹಾರಿದ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಹಾಕಿದರು. ಅಂಗಿ ಜೋಲಾಡುವಷ್ಟು ಸೊರಗಿ, ಬದುಕಿ ಬಂದ. ಅಷ್ಟು ದಿನವೂ ಎದುರುಮನೆಯ ಅಕ್ಕ ನಮ್ಮ ಗೇಟಿಗೆ ಗಂಜಿಯ ಡಬ್ಬಿ ತೂಗುಹಾಕಿ ಹೋಗುತ್ತಿದ್ದಳು. ಅವಳ ಮನೆಗೆ ರೋಗ ಹತ್ತದೆ ಉಳಿದದ್ದು ನಮ್ಮ ಪುಣ್ಯ.

ಅಮ್ಮನ ಮೂಗು ಸರಿಹೋಯಿತು. ಅಪ್ಪನದೂ ಸರಿಹೋಯಿತು. ನನ್ನದು ಸರಿಹೋಗಲಿಲ್ಲ. ಕಾಫಿ ಬಿಸಿನೀರಾಗಿತ್ತು, ಸಾರೂ ಬಿಸಿನೀರೇ. ಅದಾದರೂ ಹೋಗಲಿ. ಬಿಳಿ ಕಾರಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಉಸಿರು ಕೈಕೊಡುತ್ತಿತ್ತು, ನಾನು ಅದರ ಧೂಳು ಹಿಡಿದ ಬಾನೆಟ್ಟಿಗೆ ಒರಗಿ ನಿಲ್ಲುತ್ತಿದ್ದೆ. ಎಕ್ಸ್‌ರೇ ಚೆನ್ನಾಗಿದೆ, ದಿನ ಕಳೆದಂತೆ ಸರಿಹೋಗುತ್ತದೆ ಎಂದರು ಡಾಕ್ಟರು. ಹಾಗಾದರೆ ಈ ಎದೆಯೊಳಗೆ ಕೂತಿರುವುದೇನು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದೆ. ಊಟಕ್ಕೆ ಕೂತಾಗ ಒಗ್ಗರಣೆ ಘಮಘಮ ಅಂತಿದೆ ಎಂದೂ ಹೇಳುತ್ತಿದ್ದೆ.

ಕೆಲವು ತಿಂಗಳ ಮೇಲೆ ಕ್ಲಬ್ ಮತ್ತೆ ಕರೆಯಿತು. ಇದೇ ಕೊನೆ ಎಂದು ಸ್ಪಷ್ಟವಾಗಿಯೇ ಹೇಳಿದರು.

ಹೊರಡುವ ಸಂಜೆ ಅಪ್ಪ ಸೂಟ್‌ಕೇಸ್ ತೆಗೆದುಕೊಂಡು ಕೆಳಗಿಳಿದ. ಅಮ್ಮ ಮತ್ತೆ ನನ್ನನ್ನು ನಿಲ್ಲಿಸಿ ಇಳಿ ತೆಗೆದಳು. ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಬಾಣಲೆ ಚಟಪಟ ಎಂದಿತು, ಹೊಗೆ ಎದ್ದು ಸೂರಿಗೆ ತಾಗಿತು. ಅವಳ ಕಣ್ಣು ನನ್ನ ಮುಖದ ಮೇಲಿತ್ತು. ಘಾಟು ಬಾರದಿದ್ದರೆ ಇವಳು ನನ್ನನ್ನು ಹೇಗೆ ಕಳಿಸಿಯಾಳು? ನಾನು ಮೂಗು ಮುಚ್ಚಿಕೊಂಡು ಚೆನ್ನಾಗಿ ಕೆಮ್ಮಿದೆ. ಕಣ್ಣುಜ್ಜಿಕೊಂಡು, ಅಯ್ಯೋ ಸಾಕಮ್ಮ, ಏನು ಘಾಟು ಎಂದೆ.

ಅಮ್ಮ ಒಲೆ ಆರಿಸಿದಳು.

"ಮೆಣಸಿನಕಾಯಿ ಹಾಕಿಲ್ಲ ಕಣೋ," ಎಂದಳು. "ಎದುರುಮನೆ ಮಗೂಗೆ ಆಗಲ್ಲ ಅಂತ ಅವತ್ತೇ ಬಿಟ್ಬಿಟ್ಟೆ. ಬರೀ ಉಪ್ಪು, ಸಾಸಿವೆ, ಪೊರಕೆ ಕಡ್ಡಿ."

ನನಗೆ ತಲೆ ಎತ್ತಲಾಗಲಿಲ್ಲ. ಕೆಳಗಿನಿಂದ ಅಪ್ಪ ಫೋನ್ ಮಾಡುತ್ತಿದ್ದ. ಅಮ್ಮ ಬಾಣಲೆಯ ತಳದ ಮಸಿಯನ್ನು ಬೆರಳಿಗೆ ಒರೆಸಿಕೊಂಡು ನನ್ನ ಕಿವಿಯ ಹಿಂದೆ ಹಚ್ಚಿದಳು.

"ಹೋಗ್ಬೇಡ ಅನ್ನಲ್ಲ. ಓಡೋವಾಗ ಉಸಿರು ಸಿಗ್ಲಿಲ್ಲ ಅಂದ್ರೆ ನಿಂತ್ಬಿಡು. ಯಾರು ಏನೇ ಕೂಗಿದ್ರೂ ನಿಂತ್ಬಿಡು."

"ಓಕೆ ಲಾ, ಅಮ್ಮ," ಎಂದೆ ಮಲೇಷ್ಯಾದವರ ಧಾಟಿಯಲ್ಲಿ.

ನಿಂತುಬಿಡುವ ವಿಂಗರ್‌ನನ್ನು ಯಾವ ಕ್ಲಬ್ಬೂ ಇಟ್ಟುಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.